ಮುಂದಿನದು ಹಿಂದಿದೆ

ನಾನು ಸುಳ್ಳು ಹೇಳುವ ಮನುಷ್ಯನಲ್ಲ. ಯಾರೂ ಕೇಳದಿದ್ದರೂ ಇದನ್ನು ಮೊದಲೇ ಹೇಳಿಬಿಡುವುದು ನನ್ನ ಅಭ್ಯಾಸ. ಆದರೆ ಮೂರು ವರ್ಷದಿಂದ ನಮ್ಮ ಮನೆಯ ಗೇಟಿನ ಹತ್ತಿರ ಒಂದೇ ಒಂದು ವಾಕ್ಯವನ್ನು ದಿನಕ್ಕೆ ಕಡಿಮೆಯೆಂದರೂ ನಾಲ್ಕು ಸಲ ಹೇಳಿದ್ದೇನೆ. ಗ್ಯಾಸ್ ಸಿಲಿಂಡರ್ ತಂದವರಿಗೆ ಹೇಳಿದ್ದೇನೆ, ಕರೆಂಟ್ ಬಿಲ್ ಕೊಡಲು ಬಂದವರಿಗೆ ಹೇಳಿದ್ದೇನೆ, ಹೆಂಡತಿಯ ತವರಿನವರಿಗೆ ಹೇಳಿದ್ದೇನೆ, ಮದುವೆ ಪತ್ರಿಕೆಯನ್ನು ಗುರಾಣಿಯಂತೆ ಎದೆಗೆ ಹಿಡಿದು ನಿಂತವರಿಗೆ ಹೇಳಿದ್ದೇನೆ. ವಾಕ್ಯ ಇಷ್ಟೇ: "ಅದು ಏನೂ ಮಾಡಲ್ಲ, ಬನ್ನಿ." ನಾಯಿ ಸಾಕಿದ ಮನೆಗಳಲ್ಲಿ ಗೇಟಿಗೆ ಚಿಲಕ ಇಲ್ಲದಿದ್ದರೂ ಈ ವಾಕ್ಯ ಇದ್ದೇ ಇರುತ್ತದೆ. ಇದರ ಚಮತ್ಕಾರ ಗಮನಿಸಿ. 'ಕಚ್ಚಲ್ಲ' ಎಂದು ನಾವು ಹೇಳುವುದಿಲ್ಲ. ಹಾಗೆಂದರೆ ಹಲ್ಲಿನ ನೆನಪು ಬರುತ್ತದೆ. 'ಏನೂ ಮಾಡಲ್ಲ' ಎನ್ನುತ್ತೇವೆ. ಅಷ್ಟು ಹೊತ್ತಿಗೆ ನಾಯಿ ಎರಡು ಕಾಲಿನ ಮೇಲೆ ನಿಂತು ಬಂದವರ ಮುಖಕ್ಕೆ ಮುಖ ಕೊಟ್ಟು ಬೊಗಳುತ್ತಿರುತ್ತದೆ. ನಾವು ಕುರ್ಚಿಯಿಂದ ಏಳುವುದೂ ಇಲ್ಲ. ಏನೂ ಮಾಡದೆ ಇರುವವರು ಯಾರು ಎಂದು ಆಗ ಯಾರಾದರೂ ಕೇಳಿದ್ದರೆ ನನಗೆ ಇಷ್ಟೆಲ್ಲ ಬರೆಯುವ ಕಷ್ಟ ತಪ್ಪುತ್ತಿತ್ತು.

ನನ್ನ ಹೆಸರು ಸಿದ್ದಲಿಂಗಪ್ಪ. ಏಳನೇ ತರಗತಿ ಮುಗಿಸಿ ಪೀಣ್ಯಕ್ಕೆ ಬಂದವನು. ಎಂಟನೆಯದಕ್ಕೂ ಸೇರಿದ್ದೆ, ಎಂಟನೆಯದು ನನ್ನನ್ನು ಸೇರಿಸಿಕೊಳ್ಳಲಿಲ್ಲ. ಗುಡಿಸುವ ಕೆಲಸದಿಂದ ಶುರು ಮಾಡಿ, ಲೇತ್ ಮಿಷಿನ್ ಕಲಿತು, ಈಗ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ನೋಡಿಕೊಳ್ಳುತ್ತೇನೆ. ಅಂದರೆ ಬೇರೆಯವರು ಮಾಡಿದ ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ಅಳತೆ ಮಾಡಿ ಹೇಳುವುದು. ನನ್ನ ಕೈಯಲ್ಲಿ ಪಾಸಾದ ಬುಷ್ಷು, ಶಾಫ್ಟು, ಯಾವ ಬಿಡಿಭಾಗವೂ ವಾಪಸು ಬಂದದ್ದಿಲ್ಲ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಅಳೆಯುವ ಉಪಕರಣವನ್ನೇ ವರ್ಷಕ್ಕೊಮ್ಮೆ ಕಳಿಸಿ ಅಳೆಸಿಕೊಂಡು ಬರಬೇಕು. ಬರುವಾಗ ಅದರ ಮೈಮೇಲೆ ಒಂದು ಹಸಿರು ಚೀಟಿ ಅಂಟಿರುತ್ತದೆ. ಪರೀಕ್ಷೆಯಾದ ದಿನ ಯಾವುದು, ಮುಂದಿನ ಪರೀಕ್ಷೆಗೆ ಡ್ಯೂ ಡೇಟ್ ಯಾವುದು, ಎರಡೂ ಅದರಲ್ಲಿರುತ್ತವೆ. ಡ್ಯೂ ದಾಟಿದ ಉಪಕರಣ ಮುಟ್ಟುವಂತಿಲ್ಲ. ಒಮ್ಮೆ ಆಪರೇಟರ್ ಕೆಂಪರಾಜು ಒಂದು ದಿನ ದಾಟಿದ ಮೈಕ್ರೋಮೀಟರ್ ಹಿಡಿದು ನಿಂತಿದ್ದ. ಕಿತ್ತುಕೊಂಡೆ. "ಅಣ್ಣ, ಒಂದಿನ ತಾನೆ? ಒಂದೇ ದಿನಕ್ಕೆ ಕೆಟ್ಟೋಗ್ಬಿಡ್ತಾ ಇದು?" ಎಂದ. "ಕೆಟ್ಟಿದೆ ಅಂತ ನಾನ್ ಹೇಳ್ತಿಲ್ಲ ಕಣೋ. ಚೆನ್ನಾಗಿದೆ ಅನ್ನೋಕೆ ನಿನ್ ಹತ್ರ ಏನಿದೆ?" ಎಂದೆ. ಇಡೀ ಕಾರ್ಖಾನೆ ಕೇಳುವಂತೆ ಹೇಳಿದ್ದೆ. ಮನುಷ್ಯ ಒಂದು ಒಳ್ಳೆಯ ಮಾತು ಆಡಿದ ಮೇಲೆ ಅದನ್ನು ಮರೆತುಬಿಡಬೇಕು. ಇಲ್ಲದಿದ್ದರೆ ಅದು ಎಲ್ಲೋ ಅಡಗಿದ್ದು ನಮಗೇ ಕಾಯುತ್ತಿರುತ್ತದೆ.

ಟಿ. ದಾಸರಹಳ್ಳಿಯಲ್ಲಿ ನಾವಿರುವುದು ಬಾಡಿಗೆ ಮನೆ. ಮಾಲೀಕರು ನೆಲಮಂಗಲದ ಕಡೆ ಇರುತ್ತಾರೆ. ಕಾರ್ಖಾನೆಗೆ ಬೇರೆ ಮಾಲೀಕರಿದ್ದಾರೆ. ನನ್ನ ಸ್ಕೂಟರು ಕೂಡ ಭಾವಮೈದುನನ ಹೆಸರಿನಲ್ಲಿದೆ. ಹೀಗೆ ಯಾವುದಕ್ಕೂ ಒಡೆಯನಲ್ಲದೆ ಐವತ್ತು ದಾಟಿದ ಮೇಲೆ ಒಂದು ದಿನ ಕಾರ್ಖಾನೆಯ ಗೇಟಿನ ಹತ್ತಿರ, ಲೇತಿನಿಂದ ಉದುರಿದ ಕಬ್ಬಿಣದ ಚೂರು ತುಂಬುವ ಡ್ರಮ್ಮಿನ ಹಿಂದೆ, ಕಪ್ಪು ಮರಿಯೊಂದು ಸಿಕ್ಕಿತು. ಅಂಗೈಯಗಲ ಇತ್ತು. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಅದೇ ಹೆಸರಿಟ್ಟೆ. ಈಗ ಅದು ಬಾಲ ಬೀಸಿದರೆ ಟೀಪಾಯಿಯ ಮೇಲಿನ ಲೋಟ ಉರುಳುತ್ತದೆ. ಅಳತೆಯಲ್ಲಿ ನಾನು ಮಾಡಿದ ಮೊದಲ ತಪ್ಪು ಅದು. ಹೆಂಡತಿ ಗೌರಮ್ಮ ಅದನ್ನು 'ಮೈಕು' ಎಂದು ಕರೆದಳು. ಅದರ ಗಂಟಲಿಗೆ ಆ ಹೆಸರೇ ಒಪ್ಪಿತು, ಬೀದಿಯವರೆಲ್ಲ ಅದನ್ನೇ ಹಿಡಿದರು.

ಮರಿಗೆ ಮೂರು ತಿಂಗಳಾದಾಗ ನಮ್ಮ ಬಡಾವಣೆಯ ಆಟದ ಮೈದಾನದಲ್ಲಿ ಪುಕ್ಕಟೆ ರೇಬಿಸ್ ಲಸಿಕೆ ಹಾಕುವ ಶಿಬಿರ ನಡೆಯಿತು. ಸಾಲಿನಲ್ಲಿ ನಿಂತು ಹಾಕಿಸಿದೆ. ಡಾಕ್ಟರಮ್ಮ ಒಂದು ದಪ್ಪ ಕಾರ್ಡು ಬರೆದು ಮೊಹರು ಒತ್ತಿ ಕೊಟ್ಟರು. ಅದರಲ್ಲಿ ಅಚ್ಚಾದ ಅಕ್ಷರದಲ್ಲಿ 'ಮಾಲೀಕರು' ಎಂದಿತ್ತು. ಅದರ ಮುಂದೆ ಅವರ ಚಂದದ ಬರವಣಿಗೆಯಲ್ಲಿ 'ಶ್ರೀ ಸಿದ್ದಲಿಂಗಪ್ಪ'. ನಾನು ಅದನ್ನೇ ನೋಡುತ್ತಾ ನಿಂತುಬಿಟ್ಟೆ. ಡಾಕ್ಟರಮ್ಮ, "ಮುಂದಿನದು ಹಿಂದಿದೆ ಸಾರ್, ನೋಡ್ಕೊಳ್ಳಿ" ಎಂದರು. ಹಿಂದೆ ತಿರುಗಿ ನೋಡಿದೆ. ನಿಜವಾಗಿಯೂ ಮುಂದಿನದು ಹಿಂದಿತ್ತು. ಬಿಳಿಯ ಉದ್ದ ಕೂದಲಿನ ಒಂದು ನಾಯಿ, ಅದರ ಹಿಂದೆ ಒಬ್ಬ ಹೆಂಗಸು, ಅವರ ಹಿಂದೆ ಇನ್ನೂ ಹತ್ತಾರು ಜನ. ಜಾಗ ಬಿಡು ಎನ್ನುವುದನ್ನು ಎಷ್ಟು ಮರ್ಯಾದೆಯಾಗಿ ಹೇಳುತ್ತಾರಲ್ಲ ಎಂದುಕೊಂಡು, "ಬನ್ನಿ ಮೇಡಂ, ನಿಮ್ದೇ ಮುಂದಿನದು" ಎಂದು ಆ ಹೆಂಗಸಿಗೆ ದಾರಿ ಬಿಟ್ಟು ಬಂದೆ.

ನಮ್ಮ ಮನೆಯ ಗೋಡೆಯ ಮೇಲೆ ನನ್ನ ಹೆಸರಿನ ಯಾವ ಕಾಗದವೂ ಇರಲಿಲ್ಲ. ಮಗಳು ಡಿಪ್ಲೊಮಾ ಮುಗಿಸಿದ ಸರ್ಟಿಫಿಕೇಟು ಇದೆ, ಗೌರಮ್ಮ ರಂಗೋಲಿ ಸ್ಪರ್ಧೆಯಲ್ಲಿ ಗೆದ್ದ ಪ್ರಶಸ್ತಿ ಪತ್ರ ಇದೆ. ಇನ್ನು ನಾನು ಏಳನೇ ತರಗತಿಯ ಅಂಕಪಟ್ಟಿಯನ್ನು ತೂಗುಹಾಕಲೇ? ಕಾರ್ಡನ್ನು ತೆಗೆದುಕೊಂಡು ಫ್ರೇಮ್ ಹಾಕುವ ಅಂಗಡಿಗೆ ಹೋದೆ. ಅಂಗಡಿಯವನು ಕಾರ್ಡನ್ನು ಒಂದು ಸಲ ಮಗುಚಿ ನೋಡಿ, "ಎರಡ್ ಕಡೇನೂ ಬರ್ದೈತಲ್ಲ ಸಾರ್, ಯಾವ್ ಕಡೆ ಮುಂದಕ್ ಬರ್ಬೇಕು?" ಎಂದು ಕೇಳಿದ. ಪಾಪ, ಒಳ್ಳೆಯ ಕೆಲಸಗಾರ, ಕೇಳಬೇಕಾದ್ದನ್ನು ಕೇಳಿದ್ದ. "ಇದೇನ್ ಕೇಳ್ತೀಯಪ್ಪ? ಹೆಸರಿರೋ ಕಡೆ" ಎಂದೆ. ಅವನು ಹಿಂದುಗಡೆಗೆ ರಟ್ಟು ಇಟ್ಟು ಮೊಳೆ ಹೊಡೆದ. ಟಿವಿಯ ಮೇಲೆ ನೇತುಹಾಕಿದೆ. ಬಂದವರು ನೋಡಲೆಂದು ಅದರ ಕೆಳಗಿನ ಕುರ್ಚಿಯಲ್ಲೇ ಕೂರುತ್ತಿದ್ದೆ.

ಬೆಳಗ್ಗೆ ಆರಕ್ಕೆ ಗೇಟು ತೆಗೆದು ಮೈಕ್ರಾನನ್ನು ಬೀದಿಗೆ ಬಿಡುವುದು ನಮ್ಮ ಪದ್ಧತಿಯಾಗಿತ್ತು. ಎದುರು ಮನೆಗಳವರು ನಾಯಿಯ ಕುತ್ತಿಗೆಗೆ ಬೆಲ್ಟ್ ಕಟ್ಟಿ ಅದರ ಹಿಂದೆ ಓಡುವುದನ್ನು ನೋಡಿ ನಗುತ್ತಿದ್ದೆ. ನಮ್ಮದು ತಾನೇ ಹೋಗಿ, ತನ್ನ ಕೆಲಸ ತಾನೇ ಮುಗಿಸಿ, ಎಂಟರ ಒಳಗೆ ತಾನೇ ಬರುತ್ತದೆ. ಹದಿನೈದನೇ ವಯಸ್ಸಿಗೆ ಬಸ್ಸು ಹತ್ತಿ ಒಬ್ಬನೇ ಬಂದ ಮನುಷ್ಯನ ನಾಯಿ ಮತ್ತೆ ಹೇಗಿರಬೇಕು? ತನ್ನ ಕೆಲಸವನ್ನು ಅದು ಮುಗಿಸುತ್ತಿದ್ದದ್ದು ಎದುರು ಮನೆಯ ಅನಂತಯ್ಯನವರ ಗೇಟಿನ ಮುಂದೆ ಎನ್ನುವುದೊಂದು ಸಣ್ಣ ತೊಂದರೆ. ಅನಂತಯ್ಯನವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಂಡು ನಿವೃತ್ತರಾದವರು. ಯಾವ ಸಾಮಾನನ್ನೂ ರಸೀದಿ ಇಲ್ಲದೆ ಒಳಗೂ ಬಿಡದ ಹೊರಗೂ ಬಿಡದ ಜಾತಿ. ಒಂದು ಬೆಳಗ್ಗೆ ಕೈಯಲ್ಲಿ ಪೇಪರಿನ ಕತ್ತರಿಕೆ ಹಿಡಿದು ಬಂದರು.

"ಸಿದ್ದಲಿಂಗಪ್ಪನವ್ರೇ, ನಾಯಿ ಸಾಕೋದು ತಪ್ಪಲ್ಲ ಕಣ್ರೀ. ಬೀದೀಗ್ ಬಿಟ್ಟು ಸಾಕೋದು ತಪ್ಪು. ಪಾಲಿಕೆ ಲೈಸೆನ್ಸ್ ಮಾಡಿಸ್ಬೇಕು, ವರ್ಷಾ ವರ್ಷಾ ರೇಬಿಸ್ ಇಂಜೆಕ್ಷನ್ ಹಾಕಿಸ್ಬೇಕು, ಹೊರಗೆ ಕರ್ಕೊಂಡ್ ಹೋದ್ರೆ ಹಗ್ಗ ನಿಮ್ ಕೈಲಿರ್ಬೇಕು. ನಾಳೆ ಯಾರಿಗಾದ್ರೂ ಕಚ್ತು ಅನ್ನಿ, ಕೇಸು ನಾಯಿ ಮೇಲೆ ಹಾಕಲ್ಲ, ನಿಮ್ಮೇಲೆ."

"ಸಾರ್, ಅದು ಏನೂ ಮಾಡಲ್ಲ. ಇಂಜೆಕ್ಷನ್ನೂ ಆಗಿದೆ. ಸರ್ಟಿಫಿಕೇಟ್ ಫ್ರೇಮ್ ಹಾಕ್ಸಿದೀನಿ, ಬಂದ್ ನೋಡಿ ಬೇಕಾದ್ರೆ."

"ಫ್ರೇಮ್ ಹಾಕ್ಸೋದು ದೇವ್ರಿಗೆ, ಇಲ್ಲ ತೀರ್ಕೊಂಡೋರಿಗೆ ಕಣ್ರೀ. ಇಂಜೆಕ್ಷನ್ನಿಗೆ ಯಾರಾದ್ರೂ ಫ್ರೇಮ್ ಹಾಕ್ತಾರಾ?"

ನನಗೆ ಉರಿದುಹೋಯಿತು. ಓದಿದವರಿಗೆ ಒಂದು ಕಾಯಿಲೆಯಿದೆ, ನಾಲ್ಕು ಸಾಲು ಅಚ್ಚಾದದ್ದು ಕಂಡರೆ ಅದನ್ನು ಓದದವನ ಮನೆಗೇ ತಂದು ಓದುತ್ತಾರೆ ಎಂದು ಗೌರಮ್ಮನ ಹತ್ತಿರ ಕೂಗಾಡಿದೆ. ಅವಳು ಸೊಪ್ಪು ಬಿಡಿಸುತ್ತಾ, "ಅವ್ರು ಹೇಳಿದ್ರಲ್ಲಿ ತಪ್ಪೇನಿದೆ?" ಎಂದಳು. ಗಂಡನ ಪರ ಮಾತಾಡುವುದು ಅವಳಿಗೆ ಮೊದಲಿನಿಂದಲೂ ಅಭ್ಯಾಸವಿಲ್ಲ.

ನಮ್ಮ ಮೇಲಿನ ಒಂಟಿ ಕೋಣೆಯಲ್ಲಿ ಮಂಜುಳಾ ಎಂಬ ಹೆಣ್ಣುಮಗಳು ಬಾಡಿಗೆಗಿದ್ದಾಳೆ. ಶಿರಾದ ಕಡೆಯವಳು. ಗಾರ್ಮೆಂಟ್ಸಿನಲ್ಲಿ ಟೈಲರ್. ಗಂಡ ಇಲ್ಲ, ಮೂರನೇ ತರಗತಿಗೆ ಹೋಗುವ ಮಗಳಿದ್ದಾಳೆ. ಎಂಟು ಗಂಟೆಗೆ ಸರಿಯಾಗಿ ಮೆಟ್ಟಿಲಿಳಿದು ಗೇಟು ದಾಟುತ್ತಾಳೆ. ಅವಳ ಚಪ್ಪಲಿಯ ಸದ್ದು ಕೇಳಿ ನಾನು ಗಡಿಯಾರ ಸರಿಮಾಡಿಕೊಂಡದ್ದುಂಟು. ಆ ದಿನವೂ ಎಂಟಕ್ಕೇ ಇಳಿದಳು. ಅದೇ ಹೊತ್ತಿಗೆ ಬೀದಿಯ ಮೂಲೆಯಿಂದ ಮೈಕ್ರಾನ್ ಬಾಣದಂತೆ ಬಂತು. ಅದರ ಹಿಂದೆ ಎರಡು ಬೀದಿನಾಯಿಗಳು ಅಟ್ಟಿಸಿಕೊಂಡು ಬಂದವು. ಗೇಟಿನ ಸಂದಿಯಲ್ಲಿ ಮಂಜುಳಾಳ ಕಾಲು, ಊಟದ ಬ್ಯಾಗು, ನಾಯಿ, ಮೂರೂ ಒಟ್ಟಿಗೆ ಸಿಕ್ಕಿಕೊಂಡವು. ಅವಳು ಅದರ ಪಂಜ ತುಳಿದಳೋ, ಅದು ಹೆದರಿತೋ, ನಾನು ಕಾಫಿ ಲೋಟ ಇಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೀನಖಂಡದ ಮೇಲೆ ಎರಡು ತೂತು. ರಕ್ತ ನಿಧಾನವಾಗಿ ಪಾದದವರೆಗೆ ಇಳಿಯಿತು. ಮೂರು ವರ್ಷ ಏನೂ ಮಾಡದಿದ್ದ ನಾಯಿ ಎಲ್ಲವನ್ನೂ ಒಂದೇ ಸಲ ಮಾಡಿ ಮುಗಿಸಿ, ಒಳಗೆ ಹೋಗಿ ಮಂಚದ ಕೆಳಗೆ ಸೇರಿಕೊಂಡಿತು.

ಗೌರಮ್ಮ ಅರಿಶಿನದ ಡಬ್ಬಿ ಹಿಡಿದು ಓಡಿಬಂದಳು. ಎದುರಿನಿಂದ ಅನಂತಯ್ಯನವರು, ಮುಖಕ್ಕೆ ಅರ್ಧ ಶೇವಿಂಗ್ ಸೋಪು ಹಚ್ಚಿಕೊಂಡವರು, "ಅರಿಶಿನ ಹಾಕ್ಬೇಡೀ! ಸೋಪು, ನೀರು! ಹದಿನೈದು ನಿಮಿಷ!" ಎಂದು ಕೂಗುತ್ತಾ ಬೀದಿ ದಾಟಿದರು. ಗೌರಮ್ಮ ನೆಂಟರಿಗೆಂದು ಎತ್ತಿಟ್ಟಿದ್ದ ಹೊಸ ಸೋಪು ಬಿಚ್ಚಿದಳು. ನಾನು ಪೈಪು ಹಿಡಿದೆ. ಅನಂತಯ್ಯನವರು ಕೈಗಡಿಯಾರ ನೋಡುತ್ತಾ ನಿಂತರು. ನಾನು ಪೈಪು ಇಳಿಸಿದಾಗಲೆಲ್ಲ "ಇನ್ನೂ ಆರು ನಿಮಿಷ ಆಗಿರೋದು, ಬಿಡಿ ನೀರು" ಎನ್ನುತ್ತಿದ್ದರು. ಹದಿನೈದು ನಿಮಿಷ ಎಷ್ಟು ಉದ್ದ ಎಂದು ತಿಳಿಯಬೇಕಾದರೆ ನಮ್ಮ ನಾಯಿ ಕಚ್ಚಿದ ಕಾಲಿಗೆ ನೀರು ಬಿಡುತ್ತಾ ನಿಲ್ಲಬೇಕು. ಮಂಜುಳಾಳ ಕಣ್ಣೆಲ್ಲ ಬೀದಿಯ ಕಡೆಗೇ ಇತ್ತು.

"ಬಿಡಿ ಅಣ್ಣ, ಸಾಕು. ಈ ತಿಂಗ್ಳು ಆಗ್ಲೇ ಎರ್ಡ್ ದಿನ ರಜ ಆಗೈತೆ. ಇವತ್ತೂ ಓಗ್ಲಿಲ್ಲ ಅಂದ್ರೆ ಸೂಪರ್‌ವೈಸರ್ ನನ್ ಮಿಷಿನ್ನಿಗೆ ಬ್ಯಾರೆಯೋಳ್ನ ಕೂರುಸ್ತಾನೆ. ಮೈಕೂಗೆ ಇಂಜೆಕ್ಷನ್ ಆಗೈತಲ್ವ?"

"ಆಗಿದೆ" ಎಂದೆ. ಎದೆಯುಬ್ಬಿಸಿಯೇ ಹೇಳಿದೆ.

"ಯಾವ ವರ್ಷದ್ದು?" ಎಂದರು ಅನಂತಯ್ಯನವರು.

"ಮೊನ್ನೆ ಮೊನ್ನೆ ಸಾರ್. ತರ್ತೀನಿ ಇರಿ" ಎಂದು ಒಳಗೆ ಹೋದೆ.

ಫ್ರೇಮನ್ನು ಗೋಡೆಯಿಂದ ಇಳಿಸಿದೆ. ದಿನವೂ ನೋಡುವ ಕಾರ್ಡು. ಆದರೆ ಮೂರು ವರ್ಷದಿಂದ ನಾನು ಅದರಲ್ಲಿ ನೋಡುತ್ತಿದ್ದದ್ದು ಒಂದೇ ಸಾಲು. ಆ ಸಾಲಿನ ಕೆಳಗಿದ್ದ ತಾರೀಕನ್ನು ಅವತ್ತು ಓದಿದೆ. ಮೂರು ವರ್ಷಕ್ಕೆ ಒಂದೇ ತಿಂಗಳು ಕಡಿಮೆ. ತಾರೀಕಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಹಿಂಬದಿ ನೋಡಿ' ಎಂದಿತ್ತು. ಅಡುಗೆಮನೆಯ ಚಾಕುವಿನಿಂದ ಮೊಳೆಗಳನ್ನೆಬ್ಬಿಸಿ ರಟ್ಟು ತೆಗೆದೆ. ಕಾರ್ಡಿನ ಬೆನ್ನ ಮೇಲೆ ಗೆರೆ ಎಳೆದ ಪಟ್ಟಿ. ತಲೆಬರಹ: 'ಮುಂದಿನ ಲಸಿಕೆ'. ಮೊದಲ ಮನೆಯಲ್ಲಿ ಡಾಕ್ಟರಮ್ಮನ ಅದೇ ಚಂದದ ಅಕ್ಷರದಲ್ಲಿ ಒಂದು ತಾರೀಕು. ಅದು ಕಳೆದು ಎರಡು ವರ್ಷವಾಗುತ್ತಾ ಬಂದಿತ್ತು. ಉಳಿದ ಮನೆಗಳು ಖಾಲಿ. ಮುಂದಿನದು ಹಿಂದಿದೆ, ನೋಡ್ಕೊಳ್ಳಿ. ಆ ತಾಯಿ ಹೇಳಿದ್ದು ಇದನ್ನು. ನಾನು ತಿರುಗಿ ನೋಡಿದ್ದು ಬಿಳಿಯ ನಾಯಿಯನ್ನು.

ಆಗ ಒಂದು ನಿಮಿಷ ನಾನು ಏನು ಯೋಚಿಸಿದೆ ಎನ್ನುವುದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ರಟ್ಟು ಮತ್ತೆ ಮುಚ್ಚಿದರೆ ಯಾರಿಗೂ ತಿಳಿಯುವುದಿಲ್ಲ. ದೂರದಿಂದ ಮೊಹರು ತೋರಿಸಿದರೆ ಸಾಕು. ಮಂಜುಳಾ ನಂಬಲು ತಯಾರಾಗಿಯೇ ನಿಂತಿದ್ದಾಳೆ, ಅವಳಿಗೆ ಬಸ್ಸು ಸಿಗಬೇಕು, ನನಗೆ ಮಾನ ಉಳಿಯಬೇಕು. ನಾಯಿಯೇನು ಚೆನ್ನಾಗಿಯೇ ಇದೆ. ತಾರೀಕು ದಾಟಿದ ಮಾತ್ರಕ್ಕೆ ಕೆಟ್ಟುಹೋಗಿಬಿಡುತ್ತದೆಯೇ? ಇದನ್ನು ಎಲ್ಲೋ ಕೇಳಿದ್ದೇನಲ್ಲ ಎನಿಸಿತು. ಕೆಂಪರಾಜು ಕೇಳಿದ್ದು. ಅದಕ್ಕೆ ನಾನೇ ಕೊಟ್ಟ ಉತ್ತರ, ಇಡೀ ಕಾರ್ಖಾನೆ ಕೇಳುವಂತೆ ಕೊಟ್ಟದ್ದು, ಟಿವಿಯ ಮುಂದೆ ನಿಂತಿದ್ದ ನನ್ನ ಕಿವಿಯಲ್ಲಿ ಗಂಟೆಯಂತೆ ಹೊಡೆಯಿತು. ಚೆನ್ನಾಗಿದೆ ಅನ್ನೋಕೆ ನಿನ್ ಹತ್ರ ಏನಿದೆ? ಈ ಕಾಯಿಲೆ ಬಂದರೆ ವಾಸಿಯಿಲ್ಲ ಎನ್ನುವುದು ಏಳನೇ ತರಗತಿಯವನಿಗೂ ಗೊತ್ತು. ಹೊಸ್ತಿಲಿಗೆ ಬಂದು ತಲೆಯೆತ್ತಿದರೆ, ಮೇಲಿನ ಕೋಣೆಯ ಬಾಗಿಲಲ್ಲಿ ಅವಳ ಮಗಳು ಒಂದು ಜಡೆ ಹಾಕಿಸಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿತ್ತು.

ಹೊರಗೆ ಬಂದು ಹೇಳಿದೆ: "ಮಂಜುಳಾ, ಡ್ಯೂಟಿಗೆ ಹೋಗ್ಬೇಡ. ನಡಿ, ಆಸ್ಪತ್ರೆಗೆ."

"ಯಾಕಣ್ಣ? ಆಗೈತೆ ಅಂದ್ರಲ್ಲ?"

"ಆಗಿತ್ತು. ಡ್ಯೂ ಡೇಟ್ ಮುಗಿದಿದೆ. ನಾನ್ ನೋಡ್ಕೊಂಡಿಲ್ಲ."

ಸುಮಾರು ನಲವತ್ತು ವರ್ಷದ ಕಸುಬಿನಲ್ಲಿ ನನ್ನ ಬಾಯಿಂದ ಇಂಥ ಮಾತು ಬಂದದ್ದು ಅದೇ ಮೊದಲು. ಅನಂತಯ್ಯನವರು ಏನಾದರೂ ಅನ್ನುತ್ತಾರೆ ಎಂದು ಕಾದೆ. ಅವರು ಮುಖದ ಒಣಗಿದ ಸೋಪನ್ನು ಟವೆಲ್ಲಿನಲ್ಲಿ ಒರೆಸಿಕೊಂಡು, "ಮಗೂನ ನಾನ್ ಸ್ಕೂಲಿಗೆ ಬಿಡ್ತೀನಿ, ನೀವ್ ಹೊರಡಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ನಾಯಿ ಕಡಿತದವರದೇ ಒಂದು ಸಾಲು. ಬೇಸರ ಕಳೆಯಲು ಜನ ಮಾತಾಡುತ್ತಾರೆ. ನಮ್ಮ ಮುಂದೆ ಪಾರ್ಸೆಲ್ ತಲುಪಿಸುವ ಒಬ್ಬಾತ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ. "ಏನೂ ಮಾಡಲ್ಲ ಬನ್ನಿ ಅಂದ್ರು ಸಾರ್, ಹೋದೆ" ಎಂದ. ಅವನ ಮುಂದಿದ್ದ ಅಜ್ಜಿಗೆ ಬೀಗರ ಮನೆಯ ನಾಯಿ ಕಚ್ಚಿತ್ತು. "ಏನೂ ಮಾಡಲ್ಲ, ಬನ್ನಿ ಅಂತ ಬೀಗಿತ್ತೀನೇ ಕರುದ್ಲು ಕಣಪ್ಪ" ಎಂದಿತು ಅಜ್ಜಿ. ಸಾಲಿನಲ್ಲಿ ಅರ್ಧ ಜನ ಈ ಒಂದು ವಾಕ್ಯವನ್ನು ನಂಬಿ ಬಂದವರು. ನಾನು ನನ್ನ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ಮೇಜಿನ ಹತ್ತಿರ ಬಂದಾಗ ನರ್ಸಮ್ಮ ಬಿಡಲಿಲ್ಲ.

"ಸಾಕಿದ್ದೋ, ಬೀದೀದೋ?"

"ಸಾಕಿದ್ದು. ಬೀದೀಲಿತ್ತು."

"ಎರಡ್ರಲ್ಲಿ ಒಂದ್ ಹೇಳ್ರೀ."

"ಬೀದೀಲಿ ಸಾಕಿದ್ದು ಸಿಸ್ಟರ್."

"ಮಾಲೀಕರು ಯಾರು?"

ಮೂರು ವರ್ಷ ಯಾವ ಪದವನ್ನು ಗಾಜಿನೊಳಗಿಟ್ಟು ನೋಡಿದ್ದೆನೋ, ಅದನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬರು ಬಾಯಿಬಿಟ್ಟು ಕೇಳಿದ್ದರು. "ನಾನು" ಎಂದೆ. ಸಾಲಿಗೆ ಸಾಲೇ ತಿರುಗಿ ನೋಡಿತು. ಅಜ್ಜಿಯಂತೂ ಕನ್ನಡಕ ಸರಿಮಾಡಿಕೊಂಡು ನೋಡಿತು. ನಾಯಿಗೆ ಲಸಿಕೆಯ ಅವಧಿ ಮುಗಿದಿತ್ತು, ಅದಕ್ಕೇ ಕರೆದುಕೊಂಡು ಬಂದೆ ಎಂದು ನಾನು ದೊಡ್ಡ ತ್ಯಾಗ ಮಾಡಿದವನಂತೆ ಒಪ್ಪಿಕೊಂಡಾಗ ನರ್ಸಮ್ಮ ಮುಖವೆತ್ತದೆ, "ಮುಗೀದಿದ್ರೂ ಇವ್ರಿಗೆ ಹಾಕ್ಲೇಬೇಕಿತ್ತು. ನಾಯಿಗೆ ಹಾಕ್ಸಿದೀವಿ ಅಂತ ಮನುಷ್ಯರನ್ನ ಮನೇಲಿ ಕೂರಿಸ್ಕೊಳ್ಳೋರೇ ಜಾಸ್ತಿ" ಎಂದರು. ಹಲ್ಲು ಒಳಗೆ ಇಳಿದಿದ್ದರಿಂದ ಗಾಯದ ಸುತ್ತ ಬೇರೆ ಚುಚ್ಚುಮದ್ದು, ತೋಳಿಗೆ ಇನ್ನೊಂದು. ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ತಪ್ಪದೆ ಬರಬೇಕು. ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಬೇಕು, ಊಟ ಬಿಟ್ಟರೆ, ನಡವಳಿಕೆ ಬದಲಾದರೆ, ಸತ್ತರೆ, ತಕ್ಷಣ ತಿಳಿಸಬೇಕು. "ಮಾಲೀಕರೇ, ಅರ್ಥ ಆಯ್ತಾ?" ಎಂದರು. ಆಯಿತು ಎಂದೆ.

ಅಲ್ಲಿಂದ ಮಂಜುಳಾಳ ಕಾರ್ಖಾನೆಯ ಗೇಟಿಗೆ ಹೋಗಿ, ಅವಳ ಸೂಪರ್‌ವೈಸರನನ್ನು ಹೊರಗೆ ಕರೆಸಿ, ಆಸ್ಪತ್ರೆಯ ಚೀಟಿ ತೋರಿಸಿದೆ. ನನ್ನ ಮಗಳ ವಯಸ್ಸಿನವನು. "ಯಾರ್ ನಾಯಿ ಕಚ್ಚಿದ್ದು?" ಎಂದ. ಒಂದೇ ದಿನದಲ್ಲಿ ಎರಡನೇ ಸಲ ಮಾಲೀಕನಾದೆ. "ನಂದೇ ಸಾರ್. ತಪ್ಪು ಅವಳದ್ದಲ್ಲ, ನಂದು. ಮಿಷಿನ್ ಬೇರೆಯವರಿಗೆ ಕೊಡ್ಬೇಡಿ" ಎಂದೆ. ನನಗಿಂತ ಚಿಕ್ಕವರಿಗೆ ನಾನು ಸಾರ್ ಎನ್ನುವವನಲ್ಲ. ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಸರಿ, ಚೀಟಿ ಜೆರಾಕ್ಸ್ ಕೊಡಿ" ಎಂದ. ಮಿಷಿನ್ ಉಳಿಯಿತು.

ಆಮೇಲಿನ ಹತ್ತು ದಿನ ನಾನು ಮಾಡಿದ ಇನ್ಸ್‌ಪೆಕ್ಷನ್ ಯಾವ ಶಾಫ್ಟಿಗೂ ಮಾಡಿದ್ದಿಲ್ಲ. ಗೆರೆ ಹಾಕಿದ ಹಾಳೆ ತಂದು ಬಾಗಿಲಿಗೆ ಅಂಟಿಸಿದೆ. ನೀರು ಕುಡಿಯಿತೇ, ಅನ್ನ ತಿಂದಿತೇ, ಜೊಲ್ಲು, ನಡಿಗೆ, ಬಾಲ, ಎಲ್ಲಕ್ಕೂ ಒಂದೊಂದು ಮನೆ. ಬೆಳಗ್ಗೆ ಸಂಜೆ ಟಿಕ್ ಹಾಕಿ ಸಹಿ ಮಾಡುತ್ತಿದ್ದೆ. ಮೈಕ್ರಾನಿಗೆ ಸರಪಳಿ ಹೊಸದು. ಅದು ನನ್ನನ್ನು ನೋಡುವ ದೃಷ್ಟಿಯಲ್ಲಿ 'ಇಷ್ಟು ದಿನ ಎಲ್ಲಿದ್ದೆ' ಎನ್ನುವಂಥದ್ದೇನೋ ಇತ್ತು. ಸಂಜೆ ಮಂಜುಳಾ ಕೆಲಸದಿಂದ ಬಂದವಳು ಮೆಟ್ಟಿಲ ಮೇಲೆ ನಿಂತು, "ಅಣ್ಣ, ಮೈಕು ಉಂಡ್ತಾ?" ಎಂದು ಕೇಳುತ್ತಿದ್ದಳು. ದಾರಿಹೋಕರಿಗೆ ಅದು ನಾಯಿಯ ಮೇಲಿನ ಪ್ರೀತಿಯಂತೆ ಕೇಳಿಸಬೇಕು. ಅವಳು ಕೇಳುತ್ತಿದ್ದದ್ದು ತನ್ನ ವಿಷಯ. "ಉಂಡ್ತಮ್ಮ" ಎಂದು ನಾನು ಹೇಳುವವರೆಗೆ ಅವಳ ಕೈ ಕಂಬಿಯ ಮೇಲೆಯೇ ಇರುತ್ತಿತ್ತು.

ನಾಲ್ಕನೇ ದಿನ ಅದು ಉಣ್ಣಲಿಲ್ಲ. ಬೆಳಗಿನ ಅನ್ನ ಹಾಗೇ ಇತ್ತು, ಸಂಜೆಯದನ್ನು ಮೂಸಿ ಮುಖ ತಿರುಗಿಸಿತು. ನಾನು ಪೆನ್ನು ಹಿಡಿದು ಹಾಳೆಯ ಮುಂದೆ ನಿಂತೆ, ಟಿಕ್ ಹಾಕುವಂತಿಲ್ಲ. ಅಷ್ಟರಲ್ಲಿ ಮೆಟ್ಟಿಲಿನಿಂದ, "ಅಣ್ಣ, ಮೈಕು ಉಂಡ್ತಾ?" ಪೆನ್ನಿನ ತುದಿಯನ್ನು ಖಾಲಿ ಮನೆಯ ಮೇಲೆಯೇ ಇಟ್ಟುಕೊಂಡಿದ್ದೆ. ಅವಳು ಎರಡು ಮೆಟ್ಟಿಲು ಇಳಿದು ಹಾಳೆಯ ಕಡೆ ನೋಡಿದಳು. ಎದುರು ಗೇಟಿನಿಂದ ಅನಂತಯ್ಯನವರು ಕೈಯಲ್ಲಿ ತಟ್ಟೆ ಹಿಡಿದು ಬಂದವರು ನಮ್ಮಿಬ್ಬರ ಮುಖ ನೋಡಿ ಗಾಬರಿಯಾದರು. ವಿಚಾರಿಸಿದರೆ ಹೊರಬಿದ್ದದ್ದು ಇದು: ನನ್ನ ಇನ್ಸ್‌ಪೆಕ್ಷನ್ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ನಾನು ಕೆಲಸಕ್ಕೆ ಹೋದ ಮೇಲೆ ನಾಯಿ ತಿನ್ನುತ್ತದೆಯೋ ಇಲ್ಲವೋ ಎಂದು ಸ್ವತಂತ್ರವಾಗಿ ಪರೀಕ್ಷಿಸುತ್ತಿದ್ದರು. ಅವತ್ತಂತೂ ನಾನು ಸ್ನಾನಕ್ಕೆ, ಗೌರಮ್ಮ ಅಡುಗೆಮನೆಗೆ ಹೋದದ್ದು ನೋಡಿ ಬೆಳಗ್ಗೆ ಆರೂವರೆಗೇ ಶುರು ಮಾಡಿ ಸಂಜೆಯವರೆಗೆ ಎಂಟು ಇಡ್ಲಿ, ಒಂದು ಪೊಟ್ಟಣ ಬಿಸ್ಕತ್ತು, ಮಿಕ್ಕ ಉಪ್ಪಿಟ್ಟು. "ಎಲ್ಲಾ ತಿಂತಲ್ಲ ಕಣ್ರೀ! ಬರ್ಕೊಂಡಿದೀನಿ ಬೇಕಾದ್ರೆ" ಎಂದು ಜೇಬಿನಿಂದ ಚೀಟಿ ತೆಗೆದರು. ಮಂಜುಳಾ ಮೆಟ್ಟಿಲ ಮೇಲೆ ಕುಸಿದು ಕೂತು ನಗಲು ಶುರು ಮಾಡಿದಳು. ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ಗೆ ನೆಟ್ಗೆ ಒಂದೊತ್ತು ಊಟ ಇಲ್ಲ, ಇದ್ರ ಭಾಗ್ಯ ನೋಡಿ" ಎಂದಳು. ಆ ದಿನದಿಂದ ಅವಳ, ಅವಳ ಮಗಳ ರಾತ್ರಿಯೂಟ ನಮ್ಮ ಮನೆಯಲ್ಲೇ ಆಯಿತು. ಗೌರಮ್ಮನ ಆಜ್ಞೆ.

ಹತ್ತು ದಿನ ಕಳೆಯಿತು. ಮೈಕ್ರಾನ್ ಪಾಸಾಯಿತು. ಹನ್ನೊಂದನೆಯ ದಿನ ಪಶು ಆಸ್ಪತ್ರೆಗೆ ಕರೆದೊಯ್ದು ಲಸಿಕೆ ಹಾಕಿಸಿದೆ. ಲೈಸೆನ್ಸಿಗೆ ಅರ್ಜಿ ಹಾಕಿದೆ, ಅನಂತಯ್ಯನವರೇ ಭರ್ತಿ ಮಾಡಿಕೊಟ್ಟರು, ನಾನು ಎರಡು ಸಲ ಓದಿ, ಹಾಳೆ ಮಗುಚಿ ಹಿಂದೆಯೂ ನೋಡಿ, ಸಹಿ ಹಾಕಿದೆ. ಇಪ್ಪತ್ತೆಂಟನೇ ದಿನದ ಕೊನೆಯ ಸೂಜಿಯವರೆಗೆ ಮಂಜುಳಾಳನ್ನು ನನ್ನ ಸ್ಕೂಟರಿನಲ್ಲೇ ಕರೆದುಕೊಂಡು ಹೋದೆ. ಕೆಲಸಕ್ಕೆ ಸೇರಿದ ಮೇಲೆ ಅಷ್ಟು ಅರ್ಧ ದಿನದ ರಜೆ ನಾನು ಹಾಕಿದ್ದು ಅದೇ ಮೊದಲು. ಕಾರಣ ಕಾರ್ಖಾನೆಗೆ ತಿಳಿಯದೆ ಇರುತ್ತದೆಯೇ? ಆ ಹತ್ತು ದಿನದ ನಡುವೆಯೇ ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯಲು ಹೋದರೆ ಮುಚ್ಚಳದ ಮೇಲೆ ಹಸಿರು ಚೀಟಿ ಅಂಟಿತ್ತು. ಉಪಕರಣ: ನಾಯಿ. ಜವಾಬ್ದಾರಿ: ಸಿದ್ದಲಿಂಗಪ್ಪ. ಸ್ಥಿತಿ: ಡ್ಯೂ ದಾಟಿದೆ. ಕೆಂಪರಾಜು ಎಂಟು ಹೆಜ್ಜೆ ಆಚೆ ನಿಂತು, "ಕಚ್ಚುತ್ತೆ ಅಂತ ನಾನ್ ಹೇಳ್ತಿಲ್ಲ ಅಣ್ಣ. ಕಚ್ಚಲ್ಲ ಅನ್ನೋಕೆ ನಿಮ್ ಹತ್ರ ಏನಿದೆ?" ಎಂದ. ಮುದ್ದೆ ಮುರಿದೆ. ಚೀಟಿಯಲ್ಲಿ ಬರೆದದ್ದೆಲ್ಲ ಸರಿಯಾಗಿತ್ತು, ಅಕ್ಷರದ ತಪ್ಪೂ ಇರಲಿಲ್ಲ. ರಿಜೆಕ್ಟ್ ಮಾಡಲು ಕಾರಣ ಸಿಗಲಿಲ್ಲ.

ಈಗ ಬೆಳಗ್ಗೆ ಆರಕ್ಕೆ ಮೈಕ್ರಾನ್ ಮುಂದೆ, ನಾನು ಹಿಂದೆ, ನಡುವೆ ಹಗ್ಗ. ಒಂದು ಕೈಯಲ್ಲಿ ಹಳೆಯ ಪೇಪರು ಮತ್ತು ಪ್ಲಾಸ್ಟಿಕ್ ಚೀಲ, ಯಾತಕ್ಕೆಂದು ಬಿಡಿಸಿ ಹೇಳುವುದಿಲ್ಲ. ಮಂಡಿ ನೋಯುತ್ತದೆ. ಅದು ಎಳೆದ ಕಡೆ ನಾನು, ನಾನು ಎಳೆದ ಕಡೆ ಯಾರೂ ಇಲ್ಲ. ಹಿಂದೆ ನಾನು ಯಾರನ್ನು ನೋಡಿ ನಗುತ್ತಿದ್ದೆನೋ ಅವರೆಲ್ಲ ಈಗ ಎದುರಿಗೆ ಸಿಕ್ಕಿ 'ನಮಸ್ಕಾರ' ಎನ್ನುತ್ತಾರೆ. ಅವರ ಬಾಯಿಯ ಮೂಲೆಯಲ್ಲಿ ಏನಿದೆಯೆಂದು ಅಳೆಯಲು ನನಗೆ ಮೈಕ್ರೋಮೀಟರ್ ಬೇಕಿಲ್ಲ.

ಫ್ರೇಮು ಮತ್ತೆ ಗೋಡೆಯ ಮೇಲಿದೆ. ಹೊಸ ಕಾರ್ಡು. ಆ ಅಂಗಡಿಯವನು ಮರೆತಿರಲಿಲ್ಲ, "ಹೆಸರಿರೋ ಕಡೆ ತಾನೆ ಸಾರ್?" ಎಂದ. "ಅಲ್ಲಪ್ಪ, ಆ ಕಡೆ ಗೋಡೆಗಿರ್ಲಿ, ಬೆನ್ನು ಮುಂದಕ್ ಬರ್ಲಿ" ಎಂದೆ. ಹಾಗಾಗಿ ಬಂದವರಿಗೆ ಈಗ ಕಾಣುವುದು ಮುಂದಿನ ಲಸಿಕೆಯ ತಾರೀಕು. ಮುಂದಿನದು ಮುಂದಕ್ಕೆ ಬಂದಿದೆ. 'ಮಾಲೀಕರು: ಶ್ರೀ ಸಿದ್ದಲಿಂಗಪ್ಪ' ಎಂಬುದು ಸುಣ್ಣದ ಗೋಡೆಗೆ ಮುಖ ಕೊಟ್ಟು, ತರಗತಿಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗನಂತೆ ನಿಂತಿದೆ. ಆ ಶಿಕ್ಷೆ ನನಗೆ ಹೊಸದೇನಲ್ಲ.

ಕಳೆದ ಭಾನುವಾರ ಗೌರಮ್ಮನ ತವರಿನವರು ಬಂದರು. ನಾನು ಅದೇ ಕುರ್ಚಿಯನ್ನು ಜಗುಲಿಗೆ ಎಳೆದುಕೊಂಡು, ಬೆಳಗಿನ ನಡಿಗೆಯ ಸುಸ್ತಿಗೆ ಕಾಲು ಚಾಚಿ ಕೂತಿದ್ದೆ. ಅವರು ಗೇಟಿನಾಚೆಯೇ ನಿಂತು ಇಣುಕಿದರು. ನನ್ನ ಬಾಯಿ ಹಳೆಯ ಚಾಳಿಗೆ "ಅದು ಏನೂ..." ಎಂದು ತೆರೆದುಕೊಂಡಿತು, ಅಲ್ಲಿಗೇ ನಿಲ್ಲಿಸಿಕೊಂಡೆ. ಅಷ್ಟರಲ್ಲಿ ಅಡುಗೆಮನೆಯಿಂದ ಗೌರಮ್ಮ ಕೂಗಿದಳು:

"ಬನ್ನಿ ಬನ್ನಿ, ನಾಯಿ ಕಟ್ಟಿದೆ. ಅಲ್ಲಿ ಕೂತಿರೋದು ನಮ್ ಯಜಮಾನ್ರು. ಅವ್ರು ಏನೂ ಮಾಡಲ್ಲ."